ನಿನಗೆ ಇದೆಲ್ಲ ಯಾಕೆ ಬೇಕು ಅಂತ ಆಟಗಾರರು ವಿಲನ್‌ನನ್ನೇ ಕೇಳಿದರೆ?

ಕುವೆಂಪುನಗರದ ಡಿಎಂ:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಕಡೆಯವನು, ಈಗ ಮೈಸೂರಿನಲ್ಲಿದ್ದೇನೆ. ಭಾನುವಾರ ಮಧ್ಯಾಹ್ನ ನಮ್ಮ ಮನೆ ಮಹಡಿ ಮೇಲೆ ನಾಲ್ಕು ಜನ ಗೆಳೆಯರನ್ನು ಕೂರಿಸಿಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತೇನೆ. ಒಬ್ಬೊಬ್ಬರು ಒಂದೊಂದು ಪಾತ್ರ ಹಾಕಿಕೊಂಡು, ಡೈಸ್ ಉರುಳಿಸಿ, ಒಟ್ಟಿಗೆ ಕಥೆ ಕಟ್ಟುವ ಆಟ ಇದು. ಕಥೆ ನಡೆಸುವ, ವಿಲನ್‌ನ ಮಾತೂ ಆಡುವ ಡಿಎಂ ನಾನು. ನಿಯಮಗಳ ಹೆಸರು ಇಂಗ್ಲಿಷ್‌ನಲ್ಲಿ, ಉಳಿದ ಮಾತೆಲ್ಲ ಕನ್ನಡದಲ್ಲೇ.

ಹೋದ ವಾರ ನಮ್ಮ ಪಾರ್ಟಿ (ಆಟಗಾರರ ಪಾತ್ರಗಳ ತಂಡ) ಮೊದಲ ಸಲ ವಿಲನ್ ಎದುರಿಗೆ ಬಂತು. ಕಪ್ಪು ಕೋಟೆ, ಅದರೊಳಗೆ ಒಬ್ಬ ಮಾಂತ್ರಿಕ, ಸುತ್ತ ಅಸ್ಥಿಪಂಜರಗಳ ಕಾವಲು. ಎಲ್ಲರೂ ಡೈಸ್ ಕೈಗೆತ್ತಿಕೊಂಡರು. ಪಲಾಡಿನ್ (ಧರ್ಮಕ್ಕಾಗಿ ಪ್ರತಿಜ್ಞೆ ಮಾಡಿದ ಯೋಧೆ) ಆಡುವ ಹುಡುಗಿ ಮಾತ್ರ ಡೈಸ್ ಮುಟ್ಟಲಿಲ್ಲ. "ನಿನಗೆ ಇದೆಲ್ಲ ಯಾಕೆ ಬೇಕು?" ಅಂತ ಮಾಂತ್ರಿಕನನ್ನೇ ಕೇಳಿದಳು. ಅವನ ಬಾಯಲ್ಲಿ "ಅಧಿಕಾರಕ್ಕೆ" ಅಂತ ಹೇಳಿಸಿದೆ. "ಅಧಿಕಾರ ಸಿಕ್ಕಿದ ಮೇಲೆ ಏನು ಮಾಡ್ತೀಯಾ?" ಅಂದಳು. ತುಂಬಾ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಡಬಲ್ಲ ಒಬ್ಬ ವಿಲನ್ ನನಗೆ ಬೇಕು. ಮುಂದಿನ ಕಥೆಗೆ ಹೊಸಬನನ್ನೇ ಕಟ್ಟೋಣ ಅಂತ ಇದ್ದೇನೆ. ಎಲ್ಲಿಂದ ಶುರು ಮಾಡಲಿ?

ಇನ್ನೊಂದು ವಿಷಯ. ಆಟಗಾರರು ಬರೆದುಕೊಟ್ಟ ಹಿನ್ನೆಲೆಗಳಲ್ಲಿ ಯಾರೂ ಉಳಿದೇ ಇಲ್ಲ. ರೋಗ್ ಅನ್ನುವ ಚಾಲಾಕಿ ಕಳ್ಳನ ಅಪ್ಪ ಅಮ್ಮನನ್ನು ಓರ್ಕ್‌ಗಳು ಕೊಂದಿವೆ. ರೇಂಜರ್ ಅನ್ನುವ ಕಾಡಿನ ಬೇಟೆಗಾರನ ಊರನ್ನು ಡ್ರ್ಯಾಗನ್ ಸುಟ್ಟಿದೆ. ವಾರ್ಲಾಕ್ ಅನ್ನುವ ಮಂತ್ರವಾದಿಗೆ ಹಳೆಯದು ಯಾವುದೂ ನೆನಪಿಲ್ಲ. ಪಲಾಡಿನ್‌ಗೆ ಮಾತ್ರ ಅಮ್ಮ ಇದ್ದಾಳೆ. ಬರೆದಿರುವುದು ಚೆನ್ನಾಗಿಯೇ ಇದೆ, ಆದರೆ ಕಥೆಯೊಳಗೆ ಕರೆತರೋಣ ಅಂದರೆ ಜನ ಇಲ್ಲ. ಇದಕ್ಕೇನು ಮಾಡೋದು?

ಪಾಂಡವಪುರದವಳು:

ಆ ಪಲಾಡಿನ್‌ಗೆ ಮೊದಲು ಒಂದು ಇನ್ಸ್‌ಪಿರೇಶನ್ (ಚೆನ್ನಾಗಿ ಆಡಿದವರಿಗೆ ಡಿಎಂ ಕೊಡುವ ಬಹುಮಾನ) ಕೊಡಿ. ಅಂಥ ಆಟಗಾರ್ತಿ ಸಿಗುವುದು ಡಿಎಂ ಪುಣ್ಯ.

ನಮ್ಮ ಅಪ್ಪ ಊರಿನ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನ ಆಗುತ್ತಿದ್ದರು. ನಮ್ಮ ಕಡೆ ಪಾತ್ರ ಬೇಕಾದವರೇ ದುಡ್ಡು ಹಾಕಬೇಕು, ನಿಮಗೂ ಗೊತ್ತಿರುತ್ತೆ. ನಮ್ಮೂರಲ್ಲಿ ಧರ್ಮರಾಯನಿಗಿಂತ ದುರ್ಯೋಧನನಿಗೆ ಜಾಸ್ತಿ. ಆದರೂ ಪೈಪೋಟಿ ಎಲ್ಲ ಅದಕ್ಕೇ. ರಾತ್ರಿ ಊಟ ಆದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಪ್ರಾಕ್ಟೀಸ್ ಮಾಡಿಸುತ್ತಿದ್ದರು. ಕರ್ಣನ ಜೊತೆಗಿನ ಸೀನ್ ಬಂದಾಗ ಅಪ್ಪನ ಕೈಯಿಂದ ಗದೆ ಇಳಿಸಿಬಿಡುತ್ತಿದ್ದರು. "ಸ್ನೇಹಿತನ ತಾವ ಮಾತಾಡೋವಾಗ ಕೈ ಖಾಲಿ ಇರ್ಲಿ ಗೌಡ್ರೆ" ಅನ್ನೋರು. ಅಷ್ಟೊತ್ತು ಮೀಸೆ ತಿರುವಿ ಅಬ್ಬರಿಸುತ್ತಿದ್ದ ಮನುಷ್ಯ ಬರಿಗೈಯಲ್ಲಿ ಕರ್ಣನ ಹೆಗಲು ಹಿಡಿದರೆ ಮುಂದೆ ಕೂತವರ ಕಣ್ಣು ಒದ್ದೆಯಾಗುತ್ತಿತ್ತು. ದ್ರೌಪದಿಯನ್ನು ಸಭೆಗೆ ಎಳೆದು ತರಿಸಿದವನೂ ಇವನೇ ಅಂತ ಅವರಿಗೆಲ್ಲ ಗೊತ್ತು. ಗೊತ್ತಿದ್ದೂ ಅಳುತ್ತಿದ್ದರು.

ಪಂಪ ಭಾರತದ ನೆತ್ತದ ಪ್ರಸಂಗ ನೆನಪಿದೆಯಾ? ಕರ್ಣ, ದುರ್ಯೋಧನನ ಹೆಂಡತಿ ಭಾನುಮತಿ ಇಬ್ಬರೂ ಪಗಡೆ ಆಡುತ್ತಾರೆ. ಅವಳು ಸೋಲುತ್ತಾಳೆ. ಪಣಕ್ಕೆ ಅಂತ ಕರ್ಣ ಹಾರಕ್ಕೆ ಕೈ ಹಾಕಿದಾಗ ಮುತ್ತು ಚೆಲ್ಲಾಪಿಲ್ಲಿ ಆಗುತ್ತೆ. ನೋಡಿದ ದುರ್ಯೋಧನ ಒಂಚೂರೂ ಅನುಮಾನ ಪಡುವುದಿಲ್ಲ. ಅಂಥವನನ್ನು ಬಿಟ್ಟು ಪಾಂಡವರ ಕಡೆ ಹೇಗೆ ಬರಲಿ ಅಂತ ಕರ್ಣ ಕೇಳುತ್ತಾನೆ. ನಿಮ್ಮ ವಿಲನ್‌ಗೂ ಹಾಗೆ ಬಿಟ್ಟು ಬರಲಾಗದ ಒಬ್ಬ ಮನುಷ್ಯ ಇರಲಿ. ಸಂಬಳಕ್ಕೆ ಕಾವಲು ನಿಂತವನು ಬೇಡ, ಋಣಕ್ಕೆ ನಿಂತವನು ಬೇಕು.

ಆದರೆ ಒಳ್ಳೆಯ ಗುಣ ಒಂದು ಸೇರಿಸಿದರೆ ಸಾಲದು. ನಾನು ಪ್ರತಿ ವಿಲನ್‌ಗೂ ಎರಡು ಪ್ರಶ್ನೆ ಕೇಳುತ್ತೇನೆ. ಇವನಿಗೆ ಆದ ಅನ್ಯಾಯ ಏನು? ಅದಕ್ಕೆ ಈಗ ಬೆಲೆ ತೆರುತ್ತಿರುವವರು ಯಾರು? ಅನ್ಯಾಯ ನಿಜವಾಗಿರಬೇಕು. ಬೆಲೆ ತೆರುವವರು ಮಾತ್ರ ಬೇರೆಯವರಾಗಿರಬೇಕು.

ನಮ್ಮ ಮೈಸೂರಿನ ಕಥೆಯನ್ನೇ ತೊಗೊಳ್ಳಿ. 1610ರಲ್ಲಿ ರಾಜ ಒಡೆಯರ್ ಶ್ರೀರಂಗಪಟ್ಟಣ ಗೆದ್ದರು. ವಿಜಯನಗರದ ಪ್ರತಿನಿಧಿ ತಿರುಮಲರಾಜ ತಲಕಾಡಿಗೆ ಹೋದ. ಅವನ ಹೆಂಡತಿ ಅಲಮೇಲಮ್ಮನ ಹತ್ತಿರ ಇದ್ದ ಒಡವೆ ತರಲು ಸೈನಿಕರು ಬೆನ್ನು ಹತ್ತಿದರು. ಆಕೆ ಕಾವೇರಿಗೆ ಹಾರುವ ಮುಂಚೆ ಶಾಪ ಹಾಕಿದಳು ಅಂತ ಕಥೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ಅಲಮೇಲಮ್ಮ ವಿಲನ್ ಅಂತ ನಾನು ಖಂಡಿತ ಹೇಳುತ್ತಿಲ್ಲ. ಅರಮನೆಯಲ್ಲಿ ಇವತ್ತಿಗೂ ಆಕೆಗೆ ಪೂಜೆ ಇದೆ. ಆದರೆ ಶಾಪ ಯಾರ ಮೇಲೆ ಬಿತ್ತು ನೋಡಿ. ತಲಕಾಡಿನವರು ಆಕೆಗೆ ಏನು ಮಾಡಿದ್ದರು? ಇನ್ನೂ ಹುಟ್ಟೇ ಇರದ ದೊರೆಗಳು ಏನು ಮಾಡಿದ್ದರು? ಕೇಳುವವರಿಗೆ ಆಕೆಯ ಮೇಲೆ ಕನಿಕರವೂ ಬರುತ್ತೆ, ಮರಳಲ್ಲಿ ಹೂತ ಊರಿನ ಮೇಲೂ ಬರುತ್ತೆ. ನಿಮ್ಮ ಆಟಗಾರರನ್ನು ಅಂಥ ಜಾಗದಲ್ಲಿ ನಿಲ್ಲಿಸಿ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲೂ ಇದು ಹೊಸದಲ್ಲ. ಆಟ ಬಂದಿದ್ದು 1974ರಲ್ಲಿ. ಶುರುವಿನಲ್ಲಿ ನೆಲಮಾಳಿಗೆ, ರಾಕ್ಷಸ, ನಿಧಿ, ಇಷ್ಟರಲ್ಲೇ ಜಾಸ್ತಿ ಆಟ ನಡೆಯುತ್ತಿತ್ತು. ಈ ಆಟಕ್ಕೆ ಕಥೆ ಬರೆದ ಟ್ರೇಸಿ ಹಿಕ್‌ಮನ್ ಒಮ್ಮೆ ಆಡುವಾಗ ಯಾವುದೋ ಕೋಣೆಯಲ್ಲಿ ಸುಮ್ನೆ ಒಂದು ರಕ್ತಪಿಶಾಚಿ ಎದುರಾಯಿತು. ಇದು ಇಲ್ಲಿ ಯಾಕಿದೆ ಅನ್ನೋ ಪ್ರಶ್ನೆ ಅವರನ್ನು ಬಿಡಲಿಲ್ಲ. ಹೆಂಡತಿ ಲಾರಾ ಜೊತೆ ಸೇರಿ ಬರೆದ ರೇವನ್‌ಲಾಫ್ಟ್ ಅನ್ನೋ ಸಾಹಸ ಕಥೆ 1983ರಲ್ಲಿ ಬಂತು. ಅದರ ರಕ್ತಪಿಶಾಚಿ ಸ್ಟ್ರಾಡ್ ತಮ್ಮನ ಹುಡುಗಿಯನ್ನು ಬಯಸಿ ತಮ್ಮನನ್ನೇ ಕೊಂದವನು. ನಿಮ್ಮ ಪಲಾಡಿನ್ ಕೇಳಿದ್ದೂ ಅದೇ ಪ್ರಶ್ನೆ ಅಲ್ವಾ?

ಮೂಲೆ ಸೀಟು:

ಮೇಡಂ ಹೇಳಿದ್ದಕ್ಕೆ ಒಂದು ತಕರಾರು. ವಿಲನ್ ಕಥೆ ಹತ್ತು ಪುಟ ಬರೆದರೂ ಆಟಗಾರರ ಕಣ್ಣಿಗೆ ಬೀಳುವುದು ಮೂರೋ ನಾಲ್ಕೋ ಸೀನ್. ನಿಮ್ಮ ನೋಟ್‌ಬುಕ್ಕಿನಲ್ಲಿ ಉಳಿದ ಅನ್ಯಾಯ ಯಾರಿಗೂ ತಾಗಲ್ಲ. ಅವನು ಮಾಡಿದ ಕೆಲಸದ ಗುರುತು ಊರಲ್ಲಿ ಕಾಣಬೇಕು. ಬೀಗ ಹಾಕಿದ ಮನೆ, ಅವನ ಹೆಸರು ಹೇಳಿದರೆ ಎದ್ದು ಹೋಗುವ ಮುದುಕ, ಹೀಗೆ.

ಆಟಗಾರರ ಹಿನ್ನೆಲೆಗೆ: 2014ರ ಐದನೇ ಆವೃತ್ತಿಯಲ್ಲಿ ಪಾತ್ರದ ವಿವರ ಬರೆಯುವ ಶೀಟ್‌ನಲ್ಲಿ ಐಡಿಯಲ್ (ಆದರ್ಶ), ಬಾಂಡ್ (ನಂಟು), ಫ್ಲಾ (ದೌರ್ಬಲ್ಯ) ಅಂತ ಜಾಗ ಇದೆಯಲ್ಲ, ಅದರಲ್ಲಿ ಬಾಂಡ್ ಹಿಡಿದುಕೊಳ್ಳಿ. ಬದುಕಿರುವ ಇಬ್ಬರ ಹೆಸರು ಬರೆಯಿರಿ ಅಂತ ಎಲ್ಲರಿಗೂ ಹೇಳಿ. ಒಬ್ಬರಿಗೆ ಇವರು ಏನೋ ಬಾಕಿ ಕೊಡಬೇಕು, ಇನ್ನೊಬ್ಬರು ಇವರಿಗೆ ಬಾಕಿ ಕೊಡಬೇಕು. ಸುಟ್ಟ ಊರಿಂದ ಬಂದವನಿಗೂ ಆ ದಿನ ಸಂತೆಗೆ ಹೋಗಿದ್ದ ಸೋದರಮಾವ ಇರಬಹುದು. ಇನ್ನು ವಾರ್ಲಾಕ್ ಬಗ್ಗೆ ಯೋಚನೆಯೇ ಬೇಡ. ಯಾವುದೋ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಳ್ಳದೆ ವಾರ್ಲಾಕ್ ಆಗಲ್ಲ. ಅವನಿಗೆ ನೆನಪಿಲ್ಲದಿದ್ದರೂ ಆ ಶಕ್ತಿಗೆ ನೆನಪಿರುತ್ತೆ.

ಕುವೆಂಪುನಗರದ ಡಿಎಂ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡೂ ಉತ್ತರ ಓದಿದ ಮೇಲೆ ಒಬ್ಬ ಹೊಳೆದಿದ್ದಾನೆ. ಹೇಗಿದ್ದಾನೆ ನೋಡಿ.

ನಮ್ಮ ತಾತ ಕೆರೆ ನೀರಗಂಟಿಯ ಬಗ್ಗೆ ಹೇಳುತ್ತಿದ್ದರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಭತ್ತ ಅಳೆದು ಕೊಡುತ್ತಿದ್ದರು. ನನ್ನ ವಿಲನ್ ಅಂಥ ನೀರಗಂಟಿ. ಬರಗಾಲದ ವರ್ಷ ಮೇಲಿನ ಗದ್ದೆಯವರು ರಾತ್ರಿ ಕದ್ದು ತೂಬು ಎತ್ತಿದರು. ಕೊನೆ ಭಾಗದ ಹಳ್ಳಿ ಒಣಗಿತು. ಅವನು ಚಾವಡಿಗೆ ಹೋಗಿ ನ್ಯಾಯ ಕೇಳಿದ. ದೊಡ್ಡವರು ಕದ್ದವರ ಕಡೆಯೇ ಮಾತಾಡಿದರು. ಅವತ್ತು ರಾತ್ರಿ ಅವನು ಕೆರೆಯೊಳಗಿದ್ದ ಒಂದು ಶಕ್ತಿಯ ಜೊತೆ ಮಾತಾಡಿದ. ಈಗ ಯಾರೂ ನೀರು ಕದಿಯುವ ಹಾಗಿಲ್ಲ. ಕೈಯಲ್ಲಿ ಗೆರೆ ಕೊರೆದ ಒಂದು ಬಿದಿರು ಕೋಲು ಹಿಡಿದು ಏಳು ಹಳ್ಳಿಗೂ ಸಮನಾಗಿ ಅಳೆದು ಬಿಡುತ್ತಾನೆ. ಅದಕ್ಕೆ ಬದಲಾಗಿ ವರ್ಷಕ್ಕೊಮ್ಮೆ ಚೀಟಿ ಎತ್ತಿ ಒಬ್ಬರನ್ನು ಕೆರೆಗೆ ಕೊಡಬೇಕು. ಚೀಟಿಯಲ್ಲಿ ತನ್ನ ಮನೆಯವರ ಹೆಸರನ್ನೂ ಹಾಕುತ್ತಾನೆ.

ಇವನನ್ನು ಆಟಗಾರರ ಮುಂದೆ ಯಾವಾಗ ತರಲಿ? ಕೊನೆಗೆ ತಂದರೆ ಸರಿಹೋಗುತ್ತಾ?

ಪಾಂಡವಪುರದವಳು:

ಬೇಡ, ಮೊದಲನೇ ಸೆಷನ್‌ನಲ್ಲೇ ತನ್ನಿ! ಎಷ್ಟು ಚೆನ್ನಾಗಿದ್ದಾನೆ ಇವನು. ಮೊದಲ ಲೆವೆಲ್‌ನ ಪಾರ್ಟಿ ದಾರಿ ತಪ್ಪಿ ಬಾಯಾರಿ ಬರಲಿ. ನೀರಗಂಟಿ ನೀರು ಕೊಡಲಿ, ಮನೆಗೆ ಕರೆದು ಮುದ್ದೆ ಹಾಕಲಿ. ಕೋಲಿನ ಗೆರೆಗಳನ್ನು ಬೆರಳಲ್ಲಿ ಮುಟ್ಟಿ ಇದು ಯಾವ ಹಳ್ಳಿ, ಇದು ಯಾವ ಹಳ್ಳಿ ಅಂತ ತೋರಿಸಲಿ. ಕದ್ದವರು ಯಾರು, ಚಾವಡಿಯಲ್ಲಿ ಯಾರು ಏನಂದರು ಅಂತ ಅವನ ಬಾಯಿಂದಲೇ ಬರಲಿ. ಚೀಟಿ ವಿಷಯ ಎರಡು ಮೂರು ಸೆಷನ್ ಆದ ಮೇಲೆ ಬೇರೆಯವರಿಂದ ಗೊತ್ತಾಗಲಿ.

ಪಲಾಡಿನ್‌ನ ಅಮ್ಮನನ್ನು ಕೊನೆ ಭಾಗದ ಹಳ್ಳಿಯಲ್ಲಿಡಿ. ಇವನಿಂದಲೇ ಆಕೆಯ ಗದ್ದೆಗೆ ನೀರು ಬಂದಿದೆ, ಆಕೆ ದಿನಾ ಇವನಿಗೆ ಕೈ ಮುಗಿಯುತ್ತಾಳೆ. ಆಕೆಯ ಹೆಸರೂ ಚೀಟಿಯಲ್ಲಿದೆ. ಈ ಸಲ ಅದೇ ಚೀಟಿ ಬರಬೇಕು ಅಂತೇನೂ ಇಲ್ಲ. ಬಂದರೆ ಬರಲಿ, ನೀವು ಎಲ್ಲರ ಮುಂದೆ ನಿಜವಾಗಿಯೂ ಚೀಟಿ ಎತ್ತಿ. ಮೂಲೆ ಸೀಟು ಅವರು ಹೇಳಿದ ವಾರ್ಲಾಕ್ ಒಪ್ಪಂದವನ್ನೂ ಇದೇ ಕೆರೆಗೆ ಕಟ್ಟಿಬಿಡಿ, ಬೇರೆ ಶಕ್ತಿ ಹುಡುಕುವ ಕೆಲಸ ಇರಲ್ಲ.

ಇನ್ನೊಂದು. ಅವನ ಮಾತು ಕೇಳಿ ರೋಗ್ ಖಂಡಿತ ಇನ್‌ಸೈಟ್ ಚೆಕ್ ಹಾಕುತ್ತಾನೆ, ಅಂದರೆ ಎದುರಿನವನ ಮಾತು ನಿಜವೋ ಸುಳ್ಳೋ ಅಂತ ತಿಳಿಯಲು ಡೈಸ್ ಉರುಳಿಸುತ್ತಾನೆ. ಇಪ್ಪತ್ತು ಬಿದ್ದರೂ, ಎರಡು ಬಿದ್ದರೂ ನಿಮ್ಮ ಉತ್ತರ ಒಂದೇ ಇರಲಿ: ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ. ಆಟ ಆದ ಮೇಲೆ ಇಲ್ಲೇ ಬರೆಯಿರಿ, ಪಲಾಡಿನ್ ಏನು ಮಾಡಿದಳು ಅಂತ ನನಗೆ ಗೊತ್ತಾಗಲೇಬೇಕು.