‘ಇಂಜಿನ್ ಕೂರಿಸುವುದು’, ‘ಇಂಜಿನ್ ಕಸಿ’: ಬರವಣಿಗೆಗೆ ಯಾವುದು ಒಪ್ಪುತ್ತದೆ?

ತೀರ್ಥಹಳ್ಳಿಯ ಸಮೀಪದಲ್ಲಿರುವ ನಮ್ಮ ಭಾವನವರ ಮನೆಯಲ್ಲಿ 1960ರ ದಶಕದ ಒಂದು ಜೀಪ್ ಪಿಕಪ್ ಇದೆ. ಮಾವನವರ ಕಾಲದಲ್ಲಿ ಅಡಿಕೆ, ಗೊಬ್ಬರ, ದರಗು, ಮದುವೆಯ ಪಾತ್ರೆ ಎಲ್ಲವನ್ನೂ ಹೊತ್ತ ಗಾಡಿ ಅದು. ಅದರ ಪೆಟ್ರೋಲ್ ಇಂಜಿನ್ ಈಗ ಗುಡ್ಡದ ಏರು ಹತ್ತುವ ಸ್ಥಿತಿಯಲ್ಲಿಲ್ಲದ ಕಾರಣ, ಅದನ್ನು ತೆಗೆದು ಈಚಿನ ಪಿಕಪ್ ಒಂದರ ಡೀಸೆಲ್ ಇಂಜಿನ್ನನ್ನು ಹಾಕಿಸಬಹುದೇ ಎಂದು ಭಾವನವರು ಯೋಚಿಸುತ್ತಿದ್ದಾರೆ. ಯಾವ ಕೆಲಸಕ್ಕೂ ಕೈಹಾಕುವ ಮೊದಲು ಸಾರಿಗೆ ಕಚೇರಿಯವರನ್ನು ಕೇಳಿಯೇ ಮುಂದುವರಿಯಬೇಕೆಂಬುದು ಅವರ ಹಟ. ಅದಕ್ಕಾಗಿ ಕನ್ನಡದಲ್ಲಿ ಒಂದು ಪತ್ರ ಬರೆದುಕೊಡುವಂತೆ ನನ್ನನ್ನು ಕೇಳಿದರು. ‘ವಿಷಯ’ ಎಂದು ಬರೆದು, ಮುಂದಿನ ಪದ ಸಿಗದೆ ಅಲ್ಲಿಯೇ ನಿಂತೆ.

ಇಂಗ್ಲಿಷಿನವರು ಈ ಕೆಲಸಕ್ಕೆ ಬಳಸುವ ‘ಸ್ವಾಪ್’ ಎಂಬ ಪದಕ್ಕೆ ನಿಘಂಟಿನ ದಾರಿ ಹಿಡಿದರೆ ‘ಅದಲುಬದಲು’, ‘ವಿನಿಮಯ’ ಎಂಬವು ಸಿಗುತ್ತವೆ. ನನ್ನ ಮಟ್ಟಿಗೆ ಎರಡೂ ಒಪ್ಪುವುದಿಲ್ಲ. ಮದುವೆಮನೆಯ ಬಾಗಿಲಲ್ಲಿ ಚಪ್ಪಲಿ ಅದಲುಬದಲಾಗುತ್ತದೆ, ಏಕೆಂದರೆ ಅವನದು ಇವನಿಗೂ ಇವನದು ಅವನಿಗೂ ಹೋಗಿರುತ್ತದೆ. ಇಲ್ಲಿ ಹೊಸ ಇಂಜಿನ್ ಗುಜರಿಯಿಂದ ಬರುತ್ತದೆ, ಹಳೆಯದು ಕೊಟ್ಟಿಗೆಯ ಮೂಲೆ ಸೇರುತ್ತದೆ, ಗುಜರಿಯ ಗಾಡಿಗೆ ನಮ್ಮಿಂದ ಏನೂ ಹೋಗುವುದಿಲ್ಲ. ‘ಮರುಜೋಡಣೆ’ ಎಂದರೆ ಬಿಚ್ಚಿದ್ದನ್ನೇ ಮತ್ತೆ ಕೂಡಿಸಿದಂತಾಯಿತು. ‘ಬದಲಾವಣೆ’ ಎಂಬುದೊಂದು ಉಳಿಯುತ್ತದೆ, ಆದರೆ ಕೆಟ್ಟ ಇಂಜಿನ್ ತೆಗೆದು ಅದೇ ಜಾತಿಯ ಇನ್ನೊಂದನ್ನು ಹಾಕಿದರೂ ಅದು ಬದಲಾವಣೆಯೇ. ಪೆಟ್ರೋಲಿನ ಗಾಡಿ ಡೀಸೆಲಿನದಾಗುವ, ನೋಂದಣಿ ಪ್ರಮಾಣಪತ್ರದ ವಿವರವೇ ಬೇರೆಯಾಗಿಬಿಡುವ ಈ ಕೆಲಸವನ್ನು ‘ಇಂಜಿನ್ ಬದಲಾವಣೆ’ ಎಂದಷ್ಟೇ ಬರೆದರೆ ಪತ್ರ ಓದುವ ಅಧಿಕಾರಿಗೆ ನಾವು ಕೇಳುತ್ತಿರುವುದು ಅರ್ಥವಾಗದೆ ಹೋದೀತು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ತಯಾರಕರು ನಮೂದಿಸಿದ ವಿವರಗಳಿಂದ ದೂರ ಸರಿಯುವ ಮಾರ್ಪಾಡುಗಳನ್ನು ಕುರಿತೇ ಮಾತನಾಡುವುದರಿಂದ, ಪತ್ರದಲ್ಲಿ ಪದ ಸಡಿಲವಾಗಿರಬಾರದು.

ಹೀಗಾಗಿ ಪದ ಹುಡುಕಿಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಗ್ಯಾರೇಜೊಂದರಲ್ಲಿ ಅರ್ಧ ದಿನ ಕುಳಿತೆ. ಅಲ್ಲಿನ ಹಿರಿಯ ಮೇಸ್ತ್ರಿಯೊಬ್ಬರ ಮಾತಿನಲ್ಲಿ ಈ ಕೆಲಸದ ಒಂದೊಂದು ಹಂತಕ್ಕೂ ಒಂದೊಂದು ಕನ್ನಡ ಕ್ರಿಯಾಪದ ಇತ್ತು. ಮೊದಲನೆಯದು ‘ಇಳಿಸು’. ಇಂಜಿನ್ನನ್ನು ಬಾನೆಟ್ ತೆಗೆದ ಜಾಗದಿಂದ ಚೈನ್ ಬ್ಲಾಕಿಗೆ ತೂಗುಹಾಕಿ ಮೇಲಕ್ಕೆ ಎತ್ತುತ್ತಾರೆ, ಆದರೂ ‘ಇಂಜಿನ್ ಇಳಿಸಿದೆವು’ ಎನ್ನುತ್ತಾರೆ. ಕಣ್ಣಿಗೆ ಕಾಣುವುದು ಏರಿಕೆ, ಮಾತಿನಲ್ಲಿ ಇರುವುದು ಇಳಿತ. ಇದು ತಪ್ಪು ಬಳಕೆಯಲ್ಲ. ಬಸ್ಸಿನಿಂದ ಇಳಿಯುವ, ತಲೆಯ ಹೊರೆ ಇಳಿಸುವ ‘ಇಳಿ’ಯೇ ಇಲ್ಲಿಯೂ ಇರುವುದು: ದಿಕ್ಕನ್ನು ಅಳೆಯುವುದು ನೆಲದಿಂದಲ್ಲ, ಹೊತ್ತಿರುವ ಗಾಡಿಯಿಂದ.

ಎರಡನೆಯದು ನನಗೆ ಇನ್ನೂ ಸೋಜಿಗವೆನಿಸಿತು. ‘ಇಂಜಿನ್ ಕೆಲಸಕ್ಕೆ ಬಂದಿದೆ’ ಎಂದರೆ ಅದು ಸವೆದಿದೆ, ಬಿಚ್ಚಿ ಬೋರ್ ಮಾಡಿಸಿ, ರಿಂಗು ಪಿಸ್ಟನ್ನು ಹಾಕಿಸಬೇಕು ಎಂದರ್ಥ. ಅದೇ ‘ಈ ಇಂಜಿನ್ ಕೆಲಸಕ್ಕೆ ಬರುತ್ತದೆ’ ಎಂದರೆ ಚೆನ್ನಾಗಿದೆ, ಉಪಯೋಗಿಸಬಹುದು. ಕ್ರಿಯಾಪದದ ಕಾಲ ಒಂದು ಬದಲಾದರೆ ಗುಜರಿಯಲ್ಲಿ ಕೊಳ್ಳುವವನು ಒಪ್ಪುವ ಇಂಜಿನ್ ಬಿಡುವ ಇಂಜಿನ್ ಆಗುತ್ತದೆ. ಮೊದಲ ವಾಕ್ಯದ ‘ಕೆಲಸ’ ಇಂಜಿನ್ನಿಗೆ ನಾವು ಮಾಡುವ ಕೆಲಸ, ಎರಡನೆಯದರದು ಇಂಜಿನ್ ನಮಗೆ ಮಾಡುವ ಕೆಲಸ.

ನನ್ನ ಪತ್ರಕ್ಕೆ ಬೇಕಾದ ಕ್ರಿಯಾಪದವಂತೂ ‘ಕೂರಿಸು’. ‘ಮೆಟಡೋರ್ ಇಂಜಿನ್ ಕೂರಿಸಿದ ಅಂಬಾಸಿಡರ್’ ಎಂಬ ಮಾತನ್ನು ನಮ್ಮ ತಲೆಮಾರಿನವರೆಲ್ಲ ಕೇಳಿದ್ದೇವೆ. ಪೆಟ್ರೋಲಿನ ಖರ್ಚು ತಾಳಲಾರದೆ ಎಷ್ಟೋ ಮಂದಿ ಹಾಗೆ ಮಾಡಿಸಿಕೊಂಡಿದ್ದರು. ‘ಹಾಕು’ ಎನ್ನದೆ ‘ಕೂರಿಸು’ ಎಂದಾಗ, ಆ ಜಾಗ ಮೊದಲು ಇದಕ್ಕಾಗಿ ಇದ್ದದ್ದಲ್ಲ, ಅಳೆದು, ಕೊರೆದು, ಹೊಂದಿಸಿ ಇರಿಸಬೇಕಾಯಿತು ಎಂಬ ಅರ್ಥ ತಾನಾಗಿ ಬರುತ್ತದೆ. ಉಂಗುರಕ್ಕೆ ಹರಳು ಕೂರಿಸುವುದೂ, ಚೌಕಟ್ಟಿಗೆ ಬಾಗಿಲು ಕೂರಿಸುವುದೂ ಇದೇ ಅರ್ಥದಲ್ಲಿ. (ಹಾವೇರಿ ಕಡೆಯವರು ‘ಕುಂದ್ರಿಸು’ ಎಂದಾರು. ನಮ್ಮ ಜಿಲ್ಲೆಯ ಸೊರಬ, ಶಿಕಾರಿಪುರದ ಗ್ಯಾರೇಜುಗಳಲ್ಲಿ ಯಾವ ರೂಪ ನಡೆಯುತ್ತದೆ ಎಂಬುದನ್ನು ಅಲ್ಲಿಯವರು ದಯವಿಟ್ಟು ತಿಳಿಸಬೇಕು.)

ಭಾವನವರ ಗಾಡಿಯನ್ನು ನೋಡಿದ ಮೇಸ್ತ್ರಿಯವರು ಹೇಳಿದ ಒಂದು ಮಾತನ್ನು ಇದ್ದಂತೆಯೇ ಕೊಡುತ್ತೇನೆ: “ಇಂಜಿನ್ ಕೂರುತ್ತೆ ಮಾರಾಯ್ರೇ, ಕೂಡೋದೇ ಕಷ್ಟ.” ಕೂರುವುದು ಬೇರೆ, ಕೂಡುವುದು ಬೇರೆ ಎಂಬ ಈ ಭೇದವನ್ನು ಅವರು ಗಾಡಿಯ ಸುತ್ತ ನಡೆಯುತ್ತ ತೋರಿಸಿದರು. ಗಾಡಿಯಲ್ಲಿರುವ ‘ಹರಿಕೇನ್’ ಎಂಬ ಹೆಸರಿನ ಹಳೆಯ ಪೆಟ್ರೋಲ್ ಇಂಜಿನ್ 134 ಘನ ಅಂಗುಲದ್ದು, ಅಂದರೆ ಸುಮಾರು 2199 ಸಿಸಿ. ಭಾವನವರು ನೋಡಿಟ್ಟಿರುವ ಬೊಲೆರೊ ಪಿಕಪ್ಪಿನ ಡೀಸೆಲ್ ಇಂಜಿನ್ 2523 ಸಿಸಿ. ಎರಡಕ್ಕೂ ಸಿಲಿಂಡರ್ ನಾಲ್ಕೇ, ಜಾಗದಲ್ಲಿ ಹಿಡಿಯುತ್ತದೆ. ಆದರೆ ಆ ಪೆಟ್ರೋಲ್ ಇಂಜಿನ್ ಒಳಗೆಳೆದುಕೊಂಡದ್ದನ್ನು ಸುಮಾರು ಏಳರಲ್ಲಿ ಒಂದು ಪಾಲಿಗೆ ಒತ್ತಿ ಕಿಡಿಯಿಂದ ಹೊತ್ತಿಸಿದರೆ, ಕಿಡಿಯೇ ಇಲ್ಲದ ಡೀಸೆಲ್ ಇಂಜಿನ್ ಗಾಳಿಯನ್ನು ಅದರ ಎರಡು ಪಟ್ಟಿಗೂ ಮೀರಿ ಒತ್ತಿ, ಆ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳುವಂತೆ ಮಾಡುತ್ತದೆ. ಆದ್ದರಿಂದ ಅದರ ಮೈ ದಪ್ಪ, ತೂಕ ಹೆಚ್ಚು, ನಡುಕವೂ ಹೆಚ್ಚು. ಅದನ್ನು ಹೊರಲು ಚಾಸಿಗೆ ಹೊಸ ‘ಫೌಂಡೇಶನ್’ ಬೇಕು, ಮುಂದಿನ ಸ್ಪ್ರಿಂಗ್ ಪಟ್ಟಿಗಳು ಗಟ್ಟಿಯಾಗಬೇಕು. ಇಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ನಡುವೆ ಲೇತಿನಲ್ಲಿ ಕಡೆದ ಅಡಾಪ್ಟರ್ ಪ್ಲೇಟ್ ಬೇಕು, ಅದರ ನಡುಗೇಂದ್ರ ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ಉಳಿಯುವುದಿಲ್ಲ. ಆ ಕಾಲದ ಹಲವು ಜೀಪುಗಳಲ್ಲಿ 6 ವೋಲ್ಟಿನ ವಿದ್ಯುತ್ ವ್ಯವಸ್ಥೆ ಇತ್ತು, ಈಗಿನ ಇಂಜಿನ್ನಿಗೆ 12 ವೋಲ್ಟಿನ ಜೊತೆಗೆ ಸೆನ್ಸರುಗಳು, ಅವನ್ನು ಆಳುವ ಗಣಕಪೆಟ್ಟಿಗೆ ಎಲ್ಲ ಬೇಕು. ಇಷ್ಟೆಲ್ಲ ಮಾಡಿದ ಮೇಲೂ ಹಿಂದಿನ ಆಕ್ಸಲ್ ಹೌಸಿಂಗಿನ ಒಳಗಿರುವ ಗೇರುಗಳ ಹಲ್ಲಿನ ಲೆಕ್ಕ ಹಳೆಯದೇ. ವಿಲ್ಲೀಸ್ ಜೀಪುಗಳಲ್ಲಿ ಸಾಮಾನ್ಯವಾಗಿದ್ದ 5.38ರ ಅನುಪಾತದಲ್ಲಿ, ಚಕ್ರ ಒಂದು ಸುತ್ತು ಸುತ್ತಲು ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಐದಕ್ಕೂ ಹೆಚ್ಚು ಸುತ್ತು ತಿರುಗಬೇಕು. ಕಡಿಮೆ ಸುತ್ತಿನಲ್ಲಿ ಎಳೆಯುವ ಗುಣದ ಡೀಸೆಲ್ ಇಂಜಿನ್ನಿಗೆ ಆ ಲೆಕ್ಕ ಹೊಂದದೆ, ಆಗುಂಬೆಯ 14 ತಿರುವುಗಳನ್ನು ಸಲೀಸಾಗಿ ಹತ್ತುವ ಗಾಡಿ ಸಮತಟ್ಟು ರಸ್ತೆಯಲ್ಲಿ ಅರಚಿಕೊಳ್ಳುತ್ತ ನಿಧಾನವಾಗಿ ಹೋಗುತ್ತದೆ. ಇದೇ ‘ಕೂತಿದೆ, ಕೂಡಿಲ್ಲ’ ಎಂಬ ಸ್ಥಿತಿ.

ಈ ಮಾತನ್ನು ಕೇಳಿಸಿಕೊಂಡಾಗಲೇ ನನಗೆ ‘ಕಸಿ’ ಎಂಬ ಪದ ಹೊಳೆದದ್ದು. ಮಲೆನಾಡಿನವರಿಗೆ ಅದು ಪುಸ್ತಕದ ಪದವಲ್ಲ. ಅಪ್ಪೆಮಿಡಿಯ ಕುಡಿಯನ್ನು ಕಾಡುಮಾವಿನ ಬುಡಕ್ಕೆ ಕಟ್ಟುವವರಿದ್ದಾರೆ, ತೇವದ ಜಾಗದಲ್ಲಿ ಸೊರಗು ರೋಗಕ್ಕೆ ಹೆದರಿ ಹಿಪ್ಪಲಿಯ ಬುಡಕ್ಕೆ ಕರಿಮೆಣಸನ್ನು ಕಟ್ಟುವವರಿದ್ದಾರೆ. ಕಸಿಯಲ್ಲಿ ಎಲ್ಲವೂ ನಿಂತಿರುವುದು ಆ ಕೂಡುವ ಜಾಗದಲ್ಲಿ. ತೊಗಟೆಯ ಕೆಳಗಿನ ಹಸಿರು ಪದರಕ್ಕೆ ಹಸಿರು ಪದರ ತಾಗದಿದ್ದರೆ ಎಷ್ಟು ಬಿಗಿಯಾಗಿ ಕಟ್ಟಿದರೂ ಕುಡಿ ಒಣಗುತ್ತದೆ. ಅಡಾಪ್ಟರ್ ಪ್ಲೇಟಿನ ಕೆಲಸವೂ ಅಂಥದ್ದೇ. ಪತ್ರಿಕೆಗಳು ‘ಹೃದಯ ಕಸಿ’, ‘ಮೂತ್ರಪಿಂಡ ಕಸಿ’ ಎಂದು ಬರೆದು ಈ ಪದವನ್ನು ಗಿಡದಿಂದ ದೇಹಕ್ಕೆ ಆಗಲೇ ತಂದಿರುವುದರಿಂದ, ಅದನ್ನು ಗಾಡಿಯವರೆಗೆ ತರುವುದು ದೂರದ ದಾರಿಯಲ್ಲ ಎಂದು ನನ್ನ ಅಭಿಪ್ರಾಯ. ಒಂದು ಆಕ್ಷೇಪ ಬರಬಹುದು: ಗಿಡದ ಕಸಿಯಲ್ಲಿ ಬುಡ ಹಳೆಯದು, ಕಣ್ಣಿಗೆ ಕಾಣುವ ಕೊಂಬೆ, ಎಲೆ, ಹಣ್ಣು ಹೊಸದು, ಗಾಡಿಯಲ್ಲಿ ಕಾಣುವ ಮೈಯೇ ಹಳೆಯದು, ಹೊಸದು ಬಾನೆಟ್ಟಿನ ಒಳಗಿದೆ. ಆಕ್ಷೇಪ ಸರಿ, ಆದರೆ ಹೃದಯ ಕಸಿಯ ಮಾದರಿಯನ್ನು ನೆನೆದರೆ ಅದು ಉಳಿಯುವುದಿಲ್ಲ. ಇಂಜಿನ್ ಕೊಟ್ಟ ಗಾಡಿಗೆ ಮಾತ್ರ ಅದೇ ಮಾದರಿಯಲ್ಲಿ ‘ದಾನಿ’ ಎನ್ನಲು ನನಗೆ ಮನಸ್ಸಿಲ್ಲ. ಅಮೆರಿಕದವರು ಬ್ರೆಡ್ಡು ಹಂಚುವ ವ್ಯಾನುಗಳಿಂದ 3.9 ಲೀಟರಿನ ಕಮ್ಮಿನ್ಸ್ ಡೀಸೆಲ್ ಇಂಜಿನ್ ತೆಗೆದು ಹಳೆಯ ಪಿಕಪ್ಪುಗಳಿಗೆ ಕೂರಿಸುವಾಗ ಆ ವ್ಯಾನಿಗೆ ತಮ್ಮ ಭಾಷೆಯಲ್ಲಿ ದಾನಿ ಎಂದೇ ಹೇಳುತ್ತಾರೆ, ನಮ್ಮಲ್ಲಿ ‘ಗುಜರಿ ಗಾಡಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

‘ವಿಂಟೇಜ್’ ಎಂಬುದಕ್ಕೆ ಪದ ಹುಡುಕುವುದನ್ನು ನಾನು ಬಿಟ್ಟಿದ್ದೇನೆ. ‘ಪ್ರಾಚೀನ’ ಎಂದರೆ ದೇವಸ್ಥಾನ ನೆನಪಾಗುತ್ತದೆ, ‘ಪಾರಂಪರಿಕ’ ಎಂದರೆ ಕಟ್ಟಡ. ಮಾತಿನಲ್ಲಿ ‘ಹಳೇ ಕಾಲದ ಗಾಡಿ’ ಸಾಕು. ಪತ್ರದಲ್ಲಿ ಮಾತ್ರ ‘ವಿಂಟೇಜ್’ ಎಂಬ ಪದವನ್ನು ಬಳಸಲೇಬಾರದು. 2021ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ಕಳೆದಿದ್ದರೆ ಸಾಲದು, ಚಾಸಿ, ಬಾಡಿ, ಇಂಜಿನ್ ಯಾವುದರಲ್ಲೂ ಗಣನೀಯ ಮಾರ್ಪಾಡು ಆಗಿರಕೂಡದು. ಕಸಿ ಮಾಡಿದ ದಿನವೇ ಭಾವನವರ ಗಾಡಿ ಆ ಹೆಸರಿನಿಂದ ಹೊರಗಾಗುತ್ತದೆ. ಇದನ್ನು ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದು, “ಹೆಸರು ಹೋದ್ರೆ ಹೋಗ್ಲಿ ತಮ್ಮಾ, ಗಾಡಿ ಗುಡ್ಡ ಹತ್ತಬೇಕು” ಎಂದರು.

‘ಪಿಕಪ್’ ಎಂಬ ಪದವೂ ಪತ್ರದಲ್ಲಿ ತೊಡಕು ತಂದಿದೆ. ಅದು ಗಾಡಿಯ ಹೆಸರು. ನೀರಾವರಿಯವರಿಗೆ ಹೊಳೆಯ ನೀರನ್ನು ನಾಲೆಗೆ ತಿರುಗಿಸುವ ಅಡ್ಡಗಟ್ಟೆಯ ಹೆಸರು. ಗಾಡಿ ಓಡಿಸುವವರಿಗೆ ಅದೊಂದು ಗುಣ. ‘ಈ ಪಿಕಪ್ಪಿಗೆ ಪಿಕಪ್ ಇಲ್ಲ’ ಎಂಬ ವಾಕ್ಯ ಗ್ಯಾರೇಜಿನಲ್ಲಿ ಯಾರಿಗೂ ಗೊಂದಲ ತರುವುದಿಲ್ಲ, ಕಾಗದದ ಮೇಲೆ ತರುತ್ತದೆ. ಗುಣವನ್ನು ಹೇಳಬೇಕಾದಲ್ಲಿ ನಾನು ‘ಎಳೆತ’ ಎಂದು ಬರೆದಿದ್ದೇನೆ. ಆದರೆ ‘ಎಳೆತ’ವು ಗಾಡಿ ಬೇಗ ವೇಗ ಹಿಡಿಯುವುದನ್ನು ಹೇಳುತ್ತದೆಯೋ, ಹೊರೆ ಹೊತ್ತು ಏರು ಹತ್ತುವ ಬಲವನ್ನು ಹೇಳುತ್ತದೆಯೋ? ಇಂಗ್ಲಿಷಿನಲ್ಲಿ ಎರಡನೆಯದಕ್ಕೆ ಹತ್ತಿರವಾದದ್ದು ‘ಟಾರ್ಕ್’. ‘ತಿರುಗುಬಲ’ ಎಂಬ ಪಠ್ಯದ ಮಾತು ಅರ್ಥದಲ್ಲಿ ಸರಿ, ಆದರೆ ಚಾಲಕರ ಬಾಯಲ್ಲಿ ಅದನ್ನು ನಾನು ಕೇಳಿಲ್ಲ. ‘ದಮ್ಮು’ ಎಂಬುದನ್ನು ಕೇಳಿದ್ದೇನೆ, ಅದನ್ನು ಸಾರಿಗೆ ಕಚೇರಿಗೆ ಬರೆಯಲು ಕೈ ಬರುವುದಿಲ್ಲ.

ಸದ್ಯಕ್ಕೆ ಪತ್ರದ ವಿಷಯವನ್ನು ಹೀಗೆ ಬರೆದಿದ್ದೇನೆ: ‘ಪೆಟ್ರೋಲ್ ಇಂಜಿನ್ ತೆಗೆದು ಬೇರೆ ಮಾದರಿಯ ಡೀಸೆಲ್ ಇಂಜಿನ್ ಕೂರಿಸಲು ಅನುಮತಿ ದೊರೆಯುವುದೇ ಎಂಬ ಬಗ್ಗೆ.’ ಉದ್ದವಾಯಿತು, ಆದರೆ ತಪ್ಪು ತಿಳಿಯಲು ಎಡೆಯಿಲ್ಲ. ‘ಇಂಜಿನ್ ಕಸಿ’ಯನ್ನು ಪತ್ರದ ಒಳಗೆ ಒಮ್ಮೆ ವಿವರಿಸಿ, ಅಲ್ಲಿಂದ ಮುಂದೆ ಅದನ್ನೇ ಬಳಸಿದ್ದೇನೆ. ಸಾಗರ, ಹೊಸನಗರ, ಕೊಪ್ಪದ ಕಡೆಯ ಹಳೆಯ ಚಾಲಕರು, ಅದರಲ್ಲೂ ಫಾರ್ಗೊ, ಡಾಡ್ಜ್ ಲಾರಿಗಳನ್ನು ಓಡಿಸಿದವರು, ಘಾಟಿ ಹತ್ತುವ ಆ ಬಲಕ್ಕೆ ಏನೆನ್ನುತ್ತಿದ್ದರು ಎಂಬುದನ್ನು ಬಲ್ಲವರು ತಿಳಿಸಿದರೆ, ಭಾನುವಾರ ಭಾವನವರಿಗೆ ಪತ್ರ ಕೊಡುವ ಮೊದಲು ಆ ಒಂದು ಸಾಲನ್ನು ತಿದ್ದಿಕೊಳ್ಳುತ್ತೇನೆ.