ಪದಚರ್ಚೆ: ಏರ್ ಫ್ರೈಯರ್‌ನ ‘ಗ್ಲೇಜ್ಡ್ ಚಿಕನ್ ವಿಂಗ್ಸ್’ – ಕನ್ನಡದಲ್ಲಿ ಏನೆಂದು ಅಚ್ಚು ಹಾಕಿಸಬೇಕು?

ಪ್ರಶ್ನೆ, ಹಾಸನದಿಂದ

ಮಾನ್ಯರೇ,

ಹಾಸನದ ಗೃಹೋಪಯೋಗಿ ವಸ್ತುಗಳ ಅಂಗಡಿಯೊಂದು ಏರ್ ಫ್ರೈಯರ್ ಕೊಳ್ಳುವವರ ಕೈಗೆ ಕೊಡಲು ಅಡುಗೆಯ ಕಿರುಹೊತ್ತಿಗೆಯೊಂದನ್ನು ಕನ್ನಡದಲ್ಲಿ ಅಚ್ಚು ಹಾಕಿಸುತ್ತಿದೆ. ಅನುವಾದ ನನ್ನದು. ಸೋಮವಾರ ಬೆಳಿಗ್ಗೆ ಪ್ರತಿ ಮುದ್ರಣಾಲಯವನ್ನು ಸೇರಬೇಕು. ಉಳಿದ ಪುಟಗಳೆಲ್ಲ ಮುಗಿದಿದ್ದು, ಇದೊಂದು ಅಡುಗೆಯಲ್ಲಿ ಮಾತು ಕೂಡಿಬರುತ್ತಿಲ್ಲ.

ವಿಧಾನ ಹೀಗಿದೆ. ಚರ್ಮ ತೆಗೆಯದ ಒಂದು ಕಿಲೋ ಕೋಳಿರೆಕ್ಕೆಯನ್ನು ಬಟ್ಟೆಯಿಂದ ಒತ್ತಿ ಒರೆಸಿ, ಉಪ್ಪನ್ನೂ ಒಂದು ದೊಡ್ಡ ಚಮಚ ಬೇಕಿಂಗ್ ಪೌಡರನ್ನೂ ಹಚ್ಚಿ, ಬುಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 24 ನಿಮಿಷ ಇಡಬೇಕು. ನಡುವೆ ಒಮ್ಮೆ ಮಗುಚಬೇಕು. ಅಷ್ಟರಲ್ಲಿ ಜೇನುತುಪ್ಪ, ಸೋಯಾ ಸಾಸ್, ವಿನಿಗರ್, ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು ಇಷ್ಟನ್ನೂ ಸಣ್ಣ ಉರಿಯಲ್ಲಿ, ಚಮಚದ ಬೆನ್ನಿಗೆ ಅಂಟುವವರೆಗೆ ಕುದಿಸಿಕೊಂಡು, ಬೆಂದ ರೆಕ್ಕೆಗೆ ಹಚ್ಚಿ, ಮತ್ತೆ ಎರಡು ಮೂರು ನಿಮಿಷ ಒಳಗಿಡಬೇಕು. ಈ ಕಡೆಯ ಹಂತವನ್ನೇ ಮೂಲದಲ್ಲಿ ‘ಗ್ಲೇಜ್’ ಎಂದಿದ್ದಾರೆ.

ನನ್ನ ಕರಡಿನಲ್ಲಿ ತಲೆಬರಹ ‘ಗಾಳಿಕರಿಗದಲ್ಲಿ ಕರಿದ ಮೆರುಗಿನ ಗರಿಗರಿ ಕೋಳಿರೆಕ್ಕೆ’ ಎಂದಿದೆ. ಅಂಗಡಿಯವರು ಒಪ್ಪಿದ್ದಾರೆ, ನನಗೆ ಸಮಾಧಾನವಿಲ್ಲ. ಉಪಕರಣದ ಹೆಸರು, ಕ್ರಿಯಾಪದ, ಗ್ಲೇಜ್ ಈ ಮೂರರ ಬಗ್ಗೆ ಬಲ್ಲವರು ತಿಳಿಸಬೇಕು.

ಉತ್ತರ, ಚಿಕ್ಕಮಗಳೂರಿನಿಂದ

‘ಕರಿದ’ ಸಲ್ಲದು. ‘ಗಾಳಿಕರಿಗ’ ಅದಕ್ಕಿಂತ ಸಲ್ಲದು.

‘ಇಗ’ ಪ್ರತ್ಯಯ ಗಾಣಿಗ, ಹೂವಾಡಿಗ, ಕನ್ನಡಿಗ ಮುಂತಾದ ಕಡೆ ಮನುಷ್ಯನನ್ನು ಹೇಳುತ್ತದೆ. ‘ಗಾಳಿಕರಿಗ’ ಎಂದರೆ ಗಾಳಿಯನ್ನು ಕರಿಯುವ ಕಸುಬಿನವನು ಎಂದಾಗುತ್ತದೆಯೇ ಹೊರತು ಅಡುಗೆಮನೆಯ ಉಪಕರಣ ಎಂದಾಗುವುದಿಲ್ಲ.

ಇನ್ನು ಕ್ರಿಯಾಪದ. ಕನ್ನಡದಲ್ಲಿ ಕರಿಯುವುದೆಂದರೆ ಬಾಣಲೆಯ ತುಂಬ ಕಾದ ಎಣ್ಣೆಯಲ್ಲಿ ಮುಳುಗಿಸಿ ಬೇಯಿಸುವುದು. ವಡೆ, ಹಪ್ಪಳ, ಚಕ್ಕುಲಿಗಳನ್ನು ಕರಿಯುತ್ತೇವೆ. ಫಿಲಿಪ್ಸ್ ಕಂಪನಿ 2010ರಲ್ಲಿ ಈ ಉಪಕರಣವನ್ನು ಮಾರುಕಟ್ಟೆಗೆ ತಂದಾಗ ‘ಫ್ರೈಯರ್’ ಎಂದು ಹೆಸರಿಟ್ಟದ್ದು ಮಾರಾಟದ ಜಾಣ್ಮೆ. ಅದರೊಳಗೆ ನಡೆಯುವ ಕೆಲಸ ಬೇರೆ. ಮೇಲೆ ಕಾಯುವ ಸುರುಳಿ, ಅದರ ಹಿಂದೆ ಬಿರುಸಾಗಿ ತಿರುಗುವ ಫ್ಯಾನು, ಕೆಳಗೆ ತೂತಿನ ಬುಟ್ಟಿ, ಅಷ್ಟೇ. ಬಿಸಿಗಾಳಿ ಪದಾರ್ಥದ ಸುತ್ತ ಸುಳಿದು ಮೇಲ್ಮೈಯ ನೀರನ್ನು ಹೀರಿಕೊಳ್ಳುತ್ತದೆ. ನೀವು ಅಂಗಡಿಯ ಪುಸ್ತಕದಲ್ಲಿ ‘ಕರಿಯಿರಿ’ ಎಂದು ಬರೆದರೆ, ಅದನ್ನು ನಂಬಿದ ಗೃಹಿಣಿಯೊಬ್ಬರು ಬುಟ್ಟಿಗೆ ಅರ್ಧ ಲೀಟರ್ ಎಣ್ಣೆ ಸುರಿಯಬಹುದು. ಕಾಯುವ ಸುರುಳಿಯ ಕೆಳಗೆ ಎಣ್ಣೆ ನಿಂತರೆ ಹೊಗೆ ಏಳುತ್ತದೆ, ಬೆಂಕಿಯೂ ಹತ್ತಬಹುದು. ಇಲ್ಲಿ ಪದದ ಆಯ್ಕೆ ಬರಿಯ ಸೊಗಸಿನ ಮಾತಲ್ಲ.

ಬೇಕಾದ ಕ್ರಿಯಾಪದ ‘ಹುರಿ’. ಹಳಗನ್ನಡದ ‘ಪುರಿ’ಯೇ ಪಕಾರ ಹಕಾರವಾಗಿ ‘ಹುರಿ’ ಆಯಿತು. ಹಾಸನದ ಜಾತ್ರೆಗಳಲ್ಲಿ ಮಾರುವ ಕಡ್ಲೆಪುರಿಯಲ್ಲಿ ಮಾತ್ರ ಹಳೆಯ ಪಕಾರ ಉಳಿದುಕೊಂಡಿದೆ. ಕಾದ ಮರಳಿನಲ್ಲಿ ಅಕ್ಕಿ ಅರಳುವಲ್ಲಿ ಎಣ್ಣೆಯ ಸೋಂಕೇ ಇಲ್ಲ. ಹುರಿಗಡಲೆ, ಹುರಿಹಿಟ್ಟು, ಹುರಿಗಾಳು ಎಲ್ಲವೂ ಹೀಗೆಯೇ. ನಮ್ಮ ಊರಿನಲ್ಲಿ ಕಾಫಿ ಬೀಜವನ್ನು ತಿರುಗುವ ಡ್ರಮ್ಮಿನಲ್ಲಿ ಬಿಸಿಗೊಡ್ಡಿ ಹದಕ್ಕೆ ತರುವುದಕ್ಕೂ ಹುರಿಯುವುದೆಂದೇ ಹೆಸರು. ಆದ್ದರಿಂದ ‘ಬಿಸಿಗಾಳಿಯ ಹುರಿಪಾತ್ರೆ’ ಎಂದು ಬರೆಯಿರಿ.

ಉತ್ತರ, ಅರಸೀಕೆರೆಯಿಂದ

‘ಹುರಿಪಾತ್ರೆ’ ಅರಿಸಮಾಸ. ಕೈಬಿಡಿ.

ಸಂಸ್ಕೃತವನ್ನೂ ಕನ್ನಡವನ್ನೂ ಹೀಗೆ ಬೆಸೆಯುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಒಂಬತ್ತನೆಯ ಶತಮಾನದಲ್ಲಿಯೇ ಕವಿರಾಜಮಾರ್ಗ ಎಚ್ಚರಿಸಿದೆ. ಅಡುಗೆಯ ಪುಸ್ತಕಕ್ಕೆ ಅಡುಗೆಯಿಂದಲೇ ತೆಗೆದ ಈ ಮಾತು ನೆನಪಿರಲಿ. ‘ಹುರಿಗೂಡು’ ಎನ್ನಿ. ಇಟ್ಟಿಗೆ ಸುಡುವ ಜಾಗವನ್ನು ಗೂಡು ಎನ್ನುತ್ತೇವೆ, ಸುಣ್ಣದ್ದೂ ಗೂಡೇ. ಬಿಸಿಯನ್ನು ಒಳಗೆ ಹಿಡಿದಿಟ್ಟುಕೊಳ್ಳುವುದಕ್ಕೆ ಕನ್ನಡದವರು ಇಟ್ಟ ಹೆಸರು ಅದು.

‘ರೆಕ್ಕೆ’ಯ ಬಗ್ಗೆ ತಕರಾರಿಲ್ಲ. ಹಳಗನ್ನಡದ ‘ಎಱಂಕೆ’ಯ ಮೊದಲ ಸ್ವರ ಬಿದ್ದು ಉಳಿದ ರೂಪವಿದು, ಅಚ್ಚಕನ್ನಡ. ಆದರೆ ‘ಗರಿಗರಿ ರೆಕ್ಕೆ’ ಬೇಡ. ರೆಕ್ಕೆಯ ಪಕ್ಕದಲ್ಲಿ ‘ಗರಿ’ ಕಂಡ ಓದುಗನಿಗೆ ಮೊದಲು ತೋರುವುದು ಪುಕ್ಕ. ‘ಗರಿಗರಿಯಾಗಿ ಹುರಿದ’ ಎಂದು ಕ್ರಿಯೆಗೆ ಸೇರಿಸಿದರೆ ಗೊಂದಲ ಹೋಗುತ್ತದೆ.

ಗ್ಲೇಜ್‌ಗೆ ‘ಮೆರುಗು’ ಸರಿಯಾಗಿದೆ. ಇಂಗ್ಲಿಷಿನ ಗ್ಲೇಜ್ ಗಾಜನ್ನು ಹೇಳುವ ‘ಗ್ಲಾಸ್’ ಎಂಬ ಮಾತಿನಿಂದಲೇ ಹುಟ್ಟಿದ್ದು, ಗಾಜಿನ ಹೊಳಪೇ ಅದರ ಮೂಲಾರ್ಥ. ಮೆರುಗು ಅದೇ ಅರ್ಥವನ್ನು ಕೊಡುವ ಕನ್ನಡದ ಮಾತು. ಬದಲಿಸಬೇಡಿ.

ಉತ್ತರ, ಮೂಡಿಗೆರೆಯಿಂದ

ಅರಸೀಕೆರೆಯವರು ಪದದ ಹುಟ್ಟನ್ನು ನೋಡಿದ್ದಾರೆ, ಒಲೆಯನ್ನು ನೋಡಿಲ್ಲ. ಅಕ್ಕಸಾಲಿಗರ ಬಳಿ ಹಳೆಯ ಒಡವೆಗೆ ಮೆರುಗು ಹಾಕಿಸುತ್ತೇವೆ. ಬಾಗಿಲಿಗೆ ಬಳಿಯುವ ವಾರ್ನಿಷಿಗೆ ಮೆರುಗೆಣ್ಣೆ ಎನ್ನುತ್ತೇವೆ. ತಿನ್ನುವ ಪದಾರ್ಥಕ್ಕೆ ಮೆರುಗು ಎಂದರೆ ನನ್ನ ಮೂಗಿಗೆ ಬಣ್ಣದ ಡಬ್ಬಿಯ ವಾಸನೆ ಬರುತ್ತದೆ.

ಇಲ್ಲಿ ಆಗುತ್ತಿರುವುದೇನೆಂದು ನೋಡೋಣ. ಜೇನು ಬಿಸಿಯಾಗಿ, ನೀರು ಆರಿ, ಗಟ್ಟಿಯಾಗಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹೊಳಪು ಅದರ ಫಲ, ಕೆಲಸವಲ್ಲ. ಈ ಕೆಲಸಕ್ಕೆ ನಮ್ಮ ಅಡುಗೆಮನೆಯಲ್ಲಿ ‘ಪಾಕ’ ಎಂಬ ಮಾತಿದೆ. ಎಳೆಪಾಕ, ಒಂದೆಳೆ ಪಾಕ, ಎರಡೆಳೆ ಪಾಕ ಎಂದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎಳೆದು ನೋಡುವ ಅಳತೆಯೂ ಅದರೊಡನೆಯೇ ಬರುತ್ತದೆ. ‘ಚಮಚದ ಬೆನ್ನಿಗೆ ಅಂಟುವವರೆಗೆ’ ಎಂದು ಮೂಲದಲ್ಲಿರುವುದನ್ನು ನೀವು ‘ಎಳೆ ಬರುವುದಕ್ಕೆ ಸ್ವಲ್ಪ ಮುಂಚೆ’ ಎಂದು ಬರೆದರೆ, ಕೊಬ್ಬರಿ ಮಿಠಾಯಿ ಮಾಡಿ ಅಭ್ಯಾಸವಿರುವ ಯಾರಿಗೂ ಮತ್ತೆ ವಿವರಿಸಬೇಕಾಗಿಲ್ಲ. ಪಾಕವೆಂದರೆ ಸಿಹಿ ಮಾತ್ರ ಎಂಬ ಆಕ್ಷೇಪ ಬರಬಹುದು. ಜೇನಿನ ಜೊತೆಗೆ ಉಪ್ಪು, ಹುಳಿ, ಖಾರ ಸೇರಿದ್ದರಿಂದ ‘ಖಾರದ ಜೇನುಪಾಕ’ ಎಂದು ವಿಶೇಷಣ ಹಾಕಿದರೆ ಮುಗಿಯಿತು.

ಪಾಕ ಎಂದು ಬರೆಯುವುದರಿಂದ ಇನ್ನೊಂದು ಲಾಭವಿದೆ. ಪಾಕ ಹೆಚ್ಚು ಕಾಯಿಸಿದರೆ ಸೀದುಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಜೇನಿನಲ್ಲಿರುವ ಸಕ್ಕರೆ, ನಾವು ಬಳಸುವ ಬಿಳಿ ಸಕ್ಕರೆಗಿಂತ ಕಡಿಮೆ ಬಿಸಿಯಲ್ಲಿಯೇ ಕಪ್ಪಾಗತೊಡಗುತ್ತದೆ. ಮೊದಲೇ ಹಚ್ಚಿ 200 ಡಿಗ್ರಿಯಲ್ಲಿ 20 ನಿಮಿಷ ಇಟ್ಟರೆ ಹೊರಗೆ ಕಹಿ, ಒಳಗೆ ಹಸಿ. ‘ಮೆರುಗು’ ಎಂದು ಓದಿದವರು ಅದನ್ನು ಯಾವಾಗ ಹಚ್ಚಿದರೂ ನಡೆಯುತ್ತದೆ ಎಂದುಕೊಂಡಾರು. ‘ಪಾಕ’ ಎಂದು ಓದಿದವರು ಕಡೆಯವರೆಗೆ ಕಾಯುತ್ತಾರೆ.

ಬೇಕಿಂಗ್ ಪೌಡರನ್ನು ದಯವಿಟ್ಟು ಹಾಗೆಯೇ ಬಿಡಿ, ‘ಸೋಡಾಪುಡಿ’ ಎಂದು ಬರೆಯಬೇಡಿ. ಅವೆರಡೂ ಒಂದೇ ಅಲ್ಲ. ಬೇಕಿಂಗ್ ಪೌಡರ್ ಚರ್ಮದ ಕ್ಷಾರಗುಣವನ್ನು ತುಸು ಏರಿಸಿ ಬೇಗ ಕೆಂಪಗಾಗುವಂತೆ ಮಾಡುತ್ತದೆ. ಅಷ್ಟೇ ಪ್ರಮಾಣದ ಅಡುಗೆ ಸೋಡಾ ಹಾಕಿದರೆ ಬಾಯಿಗಿಡಲಾಗದಷ್ಟು ಕಹಿ. ಹಾಗೆಯೇ ಮೂಲದಲ್ಲಿ ‘ಗೋಲ್ಡನ್ ಬ್ರೌನ್’ ಇದ್ದರೆ ‘ಚಿನ್ನದ ಕಂದು’ ಎಂದು ಬರೆಯದೆ, ‘ಕೆಂಪಗಾಗುವವರೆಗೆ’ ಎನ್ನಿ. ಚರ್ಮದ ವಿಷಯವನ್ನು ಮೊದಲ ಸಾಲಿನಲ್ಲಿಯೇ ಒತ್ತಿ ಹೇಳಬೇಕು. ಊರುಮನೆಗಳಲ್ಲಿ ಪುಕ್ಕ ಕಿತ್ತು, ಉರಿಯಲ್ಲಿ ಸುಟ್ಟು, ಅರಿಶಿನ ತಿಕ್ಕಿ ತೊಳೆದು, ಚರ್ಮ ಸಮೇತ ತುಂಡು ಮಾಡುವ ರೂಢಿ ಇನ್ನೂ ಇದೆ. ಪೇಟೆಯ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳದಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ. ಚರ್ಮವಿಲ್ಲದ ರೆಕ್ಕೆ ಈ ಬಿಸಿಗಾಳಿಗೆ ನಾರಾಗಿಬಿಡುತ್ತದೆ, ಪಾಕವೂ ಹಿಡಿಯುವುದಿಲ್ಲ.

ಉಪಕರಣಕ್ಕೆ ಏರ್ ಫ್ರೈಯರ್ ಎಂದೇ ಇರಲಿ. ಡಬ್ಬಿಯ ಮೇಲೆ ಅದೇ ಹೆಸರಿದೆ, ಕೊಳ್ಳಲು ಬಂದವರು ಕೇಳುವುದೂ ಅದನ್ನೇ.

ಉತ್ತರ, ಅರಸೀಕೆರೆಯಿಂದ

‘ಪಾಕ’ ಸಂಸ್ಕೃತ. ‘ಏರ್ ಫ್ರೈಯರ್’ ಇಂಗ್ಲಿಷ್. ಇನ್ನು ಕನ್ನಡವೆಂದು ಉಳಿದದ್ದೇನು?

ಇದು ಒಂದು ಪದದ ಪ್ರಶ್ನೆಯಲ್ಲ. ಬಾಡಿಸು, ಹುರಿ, ಕರಿ, ಸುಡು, ಬೇಯಿಸು, ಹಬೆಯಲ್ಲಿಡು ಎಂದು ಒಲೆಯ ಮುಂದಿನ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಮಾತಿದ್ದ ಭಾಷೆಯಲ್ಲಿ ಇಂದು ‘ಫ್ರೈ ಮಾಡು’ ಎಂಬ ಒಂದೇ ಮಾತು ಎಲ್ಲವನ್ನೂ ನುಂಗುತ್ತಿದೆ. ಈರುಳ್ಳಿಯನ್ನೂ ಫ್ರೈ ಮಾಡುತ್ತಾರೆ, ಹಪ್ಪಳವನ್ನೂ ಫ್ರೈ ಮಾಡುತ್ತಾರೆ, ರವೆಯನ್ನೂ ಫ್ರೈ ಮಾಡುತ್ತಾರೆ. ಎರವಲಿಗೆ ಬಾಗಿಲು ತೆರೆದವರು ಎಲ್ಲಿ ಮುಚ್ಚಬೇಕೆಂದು ಹೇಳಬೇಕು.

ಉತ್ತರ, ಚಿಕ್ಕಮಗಳೂರಿನಿಂದ

ಅರಿಸಮಾಸದ ಆಕ್ಷೇಪ ನಿಲ್ಲುವುದಿಲ್ಲ. ನಿಷೇಧವಿರುವುದು ತತ್ಸಮಕ್ಕೂ, ಅಂದರೆ ರೂಪ ಬದಲಾಗದೆ ಬಂದ ಸಂಸ್ಕೃತ ಪದಕ್ಕೂ, ಕನ್ನಡಕ್ಕೂ ಆಗುವ ಸಮಾಸಕ್ಕೆ. ‘ಪಾತ್ರ’ ‘ಪಾತ್ರೆ’ಯಾದಾಗಲೇ ಕನ್ನಡದ ರೂಪ ತಳೆಯಿತು. ಆದರೂ ಆ ಪದಕ್ಕಾಗಿ ನಾನು ಹಟ ಹಿಡಿಯುವುದಿಲ್ಲ. ಮೂಡಿಗೆರೆಯವರ ಮಾತಿನಲ್ಲಿ ಹುರುಳಿದೆ.

ಎರವಲಿನ ಬಾಗಿಲು ಎಲ್ಲಿ ಮುಚ್ಚಬೇಕೆಂಬ ಪ್ರಶ್ನೆಗೆ ಉತ್ತರ ನಿಮ್ಮದೇ ಜಿಲ್ಲೆಯಲ್ಲಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು 450ರ ಕಾಲದ್ದೆಂದು ಸಾಮಾನ್ಯವಾಗಿ ಎಣಿಸುವ ಶಾಸನವನ್ನು ನೋಡಿ. ‘ವೀರಪುರುಷಸಮಕ್ಷದೆ’ ಎಂದು ಉದ್ದನೆಯ ಸಂಸ್ಕೃತ ಸಮಾಸವನ್ನು ಅದು ಅಳುಕಿಲ್ಲದೆ ತಂದುಕೊಂಡು, ಕೊನೆಗೆ ಕನ್ನಡದ ವಿಭಕ್ತಿ ಹಚ್ಚುತ್ತದೆ. ಆದರೆ ಕೆಲಸ ನಡೆಯುವ ಜಾಗದಲ್ಲಿ ‘ಕಾದು’ (ಹೋರಾಡಿ), ‘ಎಱಿದು’ (ಇರಿದು), ‘ಪೆತ್ತ’ (ಪಡೆದ), ‘ಕೊಟ್ಟಾರ್’ (ಕೊಟ್ಟರು) ಎಂಬ ಕನ್ನಡದ ಕ್ರಿಯೆಗಳೇ ನಿಂತಿವೆ. ನಾಮಪದ ಎರವಾದರೂ ಕ್ರಿಯಾಪದ ನಮ್ಮದು.

ಇಂದಿನ ಅಡುಗೆಮನೆಯೂ ಅದನ್ನೇ ಮಾಡುತ್ತಿದೆ. ಕಾಫಿ ಅರಬ್ಬರ ಮಾತು, ಡಿಕಾಕ್ಷನ್ ಇಂಗ್ಲಿಷಿನದು, ಆದರೆ ಡಿಕಾಕ್ಷನ್ ಇಳಿಯುತ್ತದೆ, ಕಾಫಿ ಬೆರೆಸುತ್ತೇವೆ. ಕುಕ್ಕರ್ ಎಂಬ ಹೆಸರನ್ನು ಯಾರೂ ಅನುವಾದಿಸಲಿಲ್ಲ, ಆದರೆ ಅದು ಮೂರು ಸಲ ಕೂಗಿದ ಮೇಲೆ ಒಲೆ ಆರಿಸುತ್ತೇವೆ. ಹಾಸನದ ಸೀಮೆಯ ಬೆಳೆಯಾದ ಆಲೂಗಡ್ಡೆಯಲ್ಲಿ ‘ಆಲೂ’ ಹೊರಗಿನದು, ‘ಗಡ್ಡೆ’ ನಮ್ಮದು. ಹೀಗಿರುವಾಗ ‘ಏರ್ ಫ್ರೈಯರ್’ ಎಂಬ ಹೆಸರಿನಿಂದ ಭಾಷೆಗೆ ಕೇಡಿಲ್ಲ. ‘ಏರ್ ಫ್ರೈ ಮಾಡಿ’ ಎಂದು ಬರೆದರೆ ಕೇಡಿದೆ, ಏಕೆಂದರೆ ಅಲ್ಲಿ ‘ಹುರಿ’ ಎಂಬ ಧಾತು ಕೆಲಸವಿಲ್ಲದೆ ಕುಳಿತುಬಿಡುತ್ತದೆ. ‘ಫ್ರೈ ಮಾಡು’ ಎಂಬುದರ ಬಗ್ಗೆ ಅರಸೀಕೆರೆಯವರ ಸಂಕಟ ನನ್ನದೂ ಹೌದು. ಅದಕ್ಕೆ ಮದ್ದು ಧಾತುವನ್ನು ದುಡಿಸಿಕೊಳ್ಳುವುದೇ ಹೊರತು ‘ಹುರಿಗೂಡು’ ಎಂದು ಅಂಗಡಿಯ ಡಬ್ಬಿಗೆ ಹೊಸ ಹೆಸರು ಕಟ್ಟುವುದಲ್ಲ.

ಉತ್ತರ, ಅರಸೀಕೆರೆಯಿಂದ

ಕ್ರಿಯಾಪದದ ಮಾತು ಒಪ್ಪಿದೆ. ಪಾಕದ ಮಾತು ಒಪ್ಪಿಲ್ಲ. ‘ಜೇನುಪಾಕ’ದಲ್ಲಿಯೂ ಅರಿಸಮಾಸವಿದೆ.

ಉತ್ತರ, ಮೂಡಿಗೆರೆಯಿಂದ

ಹಾಗಾದರೆ ‘ಜೇನಿನ ಪಾಕ’ ಎಂದು ಬಿಡಿಸಿ ಬರೆಯಿರಿ. ಷಷ್ಠಿ ಹಾಕಿದ ಮೇಲೆ ಸಮಾಸವೇ ಇಲ್ಲ.

ಪ್ರಶ್ನೆ ಕೇಳಿದವರಿಂದ, ಹಾಸನ

ಎಲ್ಲರಿಗೂ ವಂದನೆಗಳು. ಅಚ್ಚಿಗೆ ಹೋಗುವ ಪಾಠ ಹೀಗಿದೆ. ತಲೆಬರಹ: ‘ಜೇನು ಮೆಣಸಿನ ಪಾಕ ಹಿಡಿದ ಕೋಳಿರೆಕ್ಕೆ’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಏರ್ ಫ್ರೈಯರ್‌ನಲ್ಲಿ ಗರಿಗರಿಯಾಗಿ ಹುರಿದದ್ದು’. ವಿಧಾನದಲ್ಲಿ: ‘ಬುಟ್ಟಿಗೆ ಎಣ್ಣೆ ಸುರಿಯಬೇಡಿ. ರೆಕ್ಕೆಗಳನ್ನು 200 ಡಿಗ್ರಿಯಲ್ಲಿ, ನಡುವೆ ಒಮ್ಮೆ ಮಗುಚಿ, ಚರ್ಮ ಕೆಂಪಗಾಗುವವರೆಗೆ ಹುರಿಯಿರಿ. ದಪ್ಪ ಭಾಗದೊಳಗಿನ ಬಿಸಿ 74 ಡಿಗ್ರಿ ಮುಟ್ಟಿರಬೇಕು. ಅನಂತರವೇ ಪಾಕ ಬಳಿದು ಇನ್ನೆರಡು ಮೂರು ನಿಮಿಷ ಇಡಿ.’ ಆಕ್ಷೇಪವಿದ್ದವರು ಭಾನುವಾರ ರಾತ್ರಿಯೊಳಗೆ ತಿಳಿಸಬೇಕಾಗಿ ವಿನಂತಿ.

ಉತ್ತರ, ಅರಸೀಕೆರೆಯಿಂದ

‘ಬಳಿದು’ ಬೇಡ, ಸುಣ್ಣ ಬಳಿಯುತ್ತಾರೆ. ‘ಸವರಿ’ ಎಂದು ತಿದ್ದಿ ಕಳುಹಿಸಿ.