ಮೀಸಲಾತಿಯಲ್ಲಿ ಕುರ್ಚಿ ಸಿಕ್ಕಿತು, ಪಂಚಾಯತು ಹಿಡಿತಕ್ಕೆ ಬರುವುದು ಹೇಗೆ?

ಪೈವಳಿಕೆಯಿಂದ:
ಕೇರಳದಲ್ಲಿ 2010ರ ಚುನಾವಣೆಯಿಂದ ಪಂಚಾಯತು ಸೀಟುಗಳಲ್ಲೂ ಅಧ್ಯಕ್ಷ ಸ್ಥಾನಗಳಲ್ಲೂ ಅರ್ಧ ಹೆಂಗಸರಿಗೆ. ಆದರೂ ಕುರ್ಚಿ ಅಧ್ಯಕ್ಷೆಯದ್ದು, ತೀರ್ಮಾನ ಇನ್ಯಾರದ್ದೋ ಎಂಬ ಮಾತು ನಮ್ಮ ಕಾಸರಗೋಡಿನ ಕಡೆ ನಿಂತಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಮಲಯಾಳ ಫೈಲಿನ ತಲೆಬಿಸಿ ಬೇರೆ. ಹೊಸಬರು ಮೊದಲು ಯಾವುದನ್ನು ಕೈಗೆ ತೆಗೆದುಕೊಳ್ಳಬೇಕು?

ಗಡಿನಾಡು:
ಅಜೆಂಡಾ. ತಯಾರಿಸುವುದು ಕಾರ್ಯದರ್ಶಿ, ಆದರೆ ಅಧ್ಯಕ್ಷರನ್ನು ಕೇಳಿಯೇ ಆಗಬೇಕು. ಟೈಪಾಗಿ ಬಂದ ಹಾಳೆಗೆ ಸುಮ್ಮನೆ ತಲೆಯಾಡಿಸಿದರೆ ಅಲ್ಲಿಗೇ ಮುಗಿಯಿತು. ಟೈಪಿಗೆ ಹೋಗುವ ಮುಂಚೆ ಫೈಲು ತರಿಸಿ, ಪ್ರತಿ ವಿಷಯಕ್ಕೂ ಮೂರೇ ಪ್ರಶ್ನೆ: ಎಷ್ಟು ದುಡ್ಡು, ಯಾವ ಫಂಡು, ಹಿಂದಿನ ತೀರ್ಮಾನದ ನಂಬರು ಯಾವುದು.

ಮಲಯಾಳ ಮಾತು ಎಲ್ಲರಿಗೂ ಬರುತ್ತದೆ, ತೊಡಕು ಬರಹದಲ್ಲಿ. ಗಟ್ಟಿಯಾಗಿ ಓದಿಸಿ. ಮೋಸ ಮಾಡುವುದು ಗೊತ್ತಿಲ್ಲದ ಶಬ್ದಗಳಲ್ಲ, ಗೊತ್ತಿರುವಂತೆ ಕಾಣುವವು. ಅವರ 'ಪದ್ಧತಿ' ನಮ್ಮ ಯೋಜನೆ, 'ಅಪೇಕ್ಷ' ಅಂದರೆ ಅರ್ಜಿ, 'ಅನುವಾದಂ' ಅಂದರೆ ಅನುಮತಿ! ಇಂಥವನ್ನು ಡೈರಿಯ ಕೊನೆಯ ಹಾಳೆಯಲ್ಲಿ ಬರೆದಿಡಿ. 'ಮಿನಿಟ್ಸ್ (ಸಭೆಯ ನಡಾವಳಿ) ಆಮೇಲೆ ಬರೆಯೋಣ' ಅಂದರೆ ಮಾತ್ರ ಒಪ್ಪಬೇಡಿ.

ಕುಂಬಳೆ ಪೇಟೆ:
ದುಡ್ಡಿನ ಗಂಟು ಇರುವುದು ಬೇರೆ ಕಡೆ. ಹಣಕಾಸು ಸ್ಥಾಯೀ ಸಮಿತಿಗೆ ಉಪಾಧ್ಯಕ್ಷರೇ ಅಧ್ಯಕ್ಷರು, ಕಾನೂನೇ ಹಾಗಿದೆ. ಬಜೆಟ್ ಮಂಡಿಸುವುದೂ ಅವರೇ. ಅಧ್ಯಕ್ಷ ಸ್ಥಾನ ಮಹಿಳಾ ಮೀಸಲಾದಾಗ ಪಕ್ಷದ ಹಳೇ ಹುಲಿ ಉಪಾಧ್ಯಕ್ಷರಾಗುವುದು ಸುಮ್ಮನಲ್ಲ. ಜನವರಿಯಲ್ಲೇ, ದುಡ್ಡು ಖರ್ಚಾಗದೆ ಉಳಿದ ಯೋಜನೆಗಳ ಪಟ್ಟಿಯನ್ನು ಬರಹದಲ್ಲಿ ಕೇಳಿ.

ಇನ್ನು ಅವಿಶ್ವಾಸದ ಬೆದರಿಕೆ. ಮೊದಲ 6 ತಿಂಗಳು ತರುವಂತೆಯೇ ಇಲ್ಲ. ಆಮೇಲೂ ನೋಟಿಸಿಗೆ ಮೂರರಲ್ಲೊಂದು ಪಾಲು ಸದಸ್ಯರ ಸಹಿ, ಗೆಲ್ಲಲು ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತ ಬೇಕು. 15 ಮಂದಿಯ ಪಂಚಾಯತಿಗೆ 5 ಸಹಿ, 8 ಮತ. ಹಾಜರಿದ್ದವರ ಲೆಕ್ಕ ಅಲ್ಲ, ಇದನ್ನು ಹಲವರು ತಪ್ಪು ತಿಳಿದಿದ್ದಾರೆ.

ನೆರೆಕರೆ:
ಇದೆಲ್ಲ ಗೆದ್ದ ಮೇಲಿನ ಮಾತು. ಮುಂದಿನ ಸಲ ವಾರ್ಡು ಮೀಸಲಾತಿ ತಪ್ಪಿ ಜನರಲ್ ಆದರೆ? ಜನರಲ್ ಅಂದರೆ ಗಂಡಸರದ್ದು ಎಂದು ಕಾನೂನಿನಲ್ಲಿಲ್ಲ, ಪಕ್ಷಗಳ ಬಾಯಲ್ಲಿದೆ. ಸೀಟು ಮಾತಾಡುವ ಮೀಟಿಂಗು ರಾತ್ರಿ ಇಟ್ಟರೆ ಒಳಗಿನ ಊರುಗಳಿಗೆ ತಿರುಗಿ ಹೋಗಲು ಬಸ್ಸಿಲ್ಲ. ಕುಟುಂಬಶ್ರೀಯ (ಕೇರಳದ ಹೆಂಗಸರ ಸ್ವಸಹಾಯ ಸಂಘಟನೆ) ಅಯಲ್ಕೂಟ ಎಂಬ ನೆರೆಹೊರೆ ಗುಂಪಿನಿಂದ ವಾರ್ಡು ಮಟ್ಟದ ಎಡಿಎಸ್, ಪಂಚಾಯತು ಮಟ್ಟದ ಸಿಡಿಎಸ್ ಹತ್ತಿ, ಬ್ಯಾಂಕ್ ಸಾಲದ ಲೆಕ್ಕವನ್ನು ಬಾಯಲ್ಲೇ ಒಪ್ಪಿಸುವ ಹೆಂಗಸರು ಅಲ್ಲಿಗೇ ನಿಲ್ಲುವುದು ಇದರಿಂದ. ಭಾನುವಾರ ಮಧ್ಯಾಹ್ನಕ್ಕೆ ಇಡಲು ಹೇಳಿ.

ಗ್ರಾಮಸಭೆಯನ್ನೂ ಬಿಡಬೇಡಿ. ಅದರ ಸಂಚಾಲಕಿ ವಾರ್ಡು ಸದಸ್ಯೆಯೇ. ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ಮತದಾರರಲ್ಲಿ ನೂರಕ್ಕೆ ಹತ್ತು, ಅಂದರೆ 1200ಕ್ಕೆ 120 ಮಂದಿ. ಅಷ್ಟು ಜನರನ್ನು ಹೆಸರು ಹಿಡಿದು ಕರೆಯಬಲ್ಲವರಿಗೆ ಸೀಟು ಇಲ್ಲ ಎನ್ನಲು ಪಕ್ಷಕ್ಕೂ ಕಷ್ಟ.

ಪೈವಳಿಕೆಯಿಂದ:
ಉಪಾಧ್ಯಕ್ಷರ ವಿಷಯ ಹೊಳೆದೇ ಇರಲಿಲ್ಲ. ದುಡ್ಡು ಉಳಿದ ಯೋಜನೆಗಳ ಆ ಪಟ್ಟಿಯನ್ನು ಕನ್ನಡದಲ್ಲಿ ಕೇಳಬಹುದೇ?

ಕುಂಬಳೆ ಪೇಟೆ:
ಧಾರಾಳ. ಆದರೆ ಕಾರ್ಯದರ್ಶಿ ತೆಂಕಣ ಜಿಲ್ಲೆಯವರಾದರೆ 'ಓದಲು ಬರುವುದಿಲ್ಲ' ಎಂದು ವಾರ ಕಳೆಯುತ್ತದೆ. ಒಂದೇ ಹಾಳೆಯಲ್ಲಿ ಮೇಲೆ ಕನ್ನಡ, ಕೆಳಗೆ ಮಲಯಾಳ ಬರೆದು ಕೊಡಿ, ಪ್ರತಿಗೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳಿ.